ಮುಗಿಲು ನೋಡುವವರ ಪಗಾರ

“ಮುಗಿಲ್ ನೋಡಾಕ ಯಾರ್ ಪಗಾರ ಕೊಡ್ತಾರ ಲೇ ಹುಡುಗಿ? ಹಂಗ ಕೊಡಂಗಿದ್ರ ನಿಮ್ಮ ದೊಡ್ಡವ್ವ ಇಷ್ಟೊತ್ತಿಗೆ ಈ ಮಿಲ್ಲಿಗೇ ಸಾವ್ಕಾರ್ತಿ ಆಗಿರ್ತಿದ್ಲು!”

ಹೀಗೆ ಹೇಳಿದವರು ಪಂಪಣ್ಣನವರು. ಕಂಪ್ಲಿಯಲ್ಲಿ ನಮ್ಮ ದೊಡ್ಡವ್ವ ಕೂಲಿಗೆ ಹೋಗುವ ಅಕ್ಕಿ ಮಿಲ್ಲಿನ ಗುಮಾಸ್ತರು. ಹೊಸಪೇಟೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ್ದೆ. ಮುಂದೆ ಹವಾಮಾನ ಶಾಸ್ತ್ರ ಓದುತ್ತೇನೆ, ಅದಕ್ಕೆ ತೆಲುಗು ಸೀಮೆಯ ಕಡಲ ದಂಡೆಯ ಊರಿಗೆ ಹೋಗುತ್ತೇನೆ ಎಂದು ಮಿಲ್ಲಿಗೆ ಹೋಗಿ ಹೇಳಿದ ದಿನ ಅದು. ಅಲ್ಲಿದ್ದ ಹೆಂಗಸರೆಲ್ಲ ನಕ್ಕರು. ದೊಡ್ಡವ್ವನೂ ನಕ್ಕಳು. ಆಕೆ ನಕ್ಕಿದ್ದಕ್ಕೆ ನನಗೆ ಸ್ವಲ್ಪ ನೋವಾಯಿತು, ಆದರೆ ಪಂಪಣ್ಣನವರ ಮೇಲೆ ಇವತ್ತಿಗೂ ಸಿಟ್ಟಿಲ್ಲ. ಅವರು ಕಂಡ ಲೋಕದಲ್ಲಿ ಮೂಟೆ ಹೊತ್ತವನಿಗೆ ಪಗಾರವಿತ್ತು, ಮೂಟೆ ಎಣಿಸಿದವನಿಗೆ ಪಗಾರವಿತ್ತು. ತಲೆ ಎತ್ತಿ ಮೇಲೆ ನೋಡಿದವನನ್ನು ಸೋಮಾರಿ ಎಂದು ಕರೆಯುತ್ತಿದ್ದರು.

ಈಗ ನನಗೆ ಮುಗಿಲು ನೋಡುವುದಕ್ಕೇ ಪಗಾರ ಬರುತ್ತದೆ. ತಿಂಗಳ ಕೊನೆಗೆ ಮೊಬೈಲು ‘ಟಿಣ್’ ಎಂದಾಗಲೆಲ್ಲ ಅದನ್ನು ಪಂಪಣ್ಣನವರ ಮೂಗಿನ ಕೆಳಗೆ ಹಿಡಿಯಬೇಕು ಅನ್ನಿಸುತ್ತದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು, ಆದ್ದರಿಂದ ಇಷ್ಟು ಜಂಬವನ್ನು ನೀವು ಸಹಿಸಿಕೊಳ್ಳಬೇಕು.

ಎಷ್ಟು ಪಗಾರ ಎಂದು ನೀವು ಕೇಳುವುದಿಲ್ಲ, ಓದುವವರು ಮರ್ಯಾದಸ್ಥರು. ಆದರೆ ನಮ್ಮ ಕಡೆ ಅದನ್ನು ಕೇಳದಿರುವುದೇ ಅಮರ್ಯಾದೆ. ಹೊಸಪೇಟೆಯಲ್ಲಿ ಕಂಪ್ಲಿ ಬಸ್ಸು ಹತ್ತಿ ಕುಳಿತರೆ ಕಮಲಾಪುರ ದಾಟುವುದರೊಳಗೆ ಪಕ್ಕದವರು ನಿಮ್ಮ ಊರು, ಯಾರ ಪೈಕಿ, ಎಷ್ಟು ಮಕ್ಕಳು ಎಲ್ಲ ತಿಳಿದುಕೊಂಡಿರುತ್ತಾರೆ. ಬುಕ್ಕಸಾಗರದ ಗದ್ದೆಗಳು ಕಾಣುವ ಹೊತ್ತಿಗೆ ಪಗಾರದ ಪ್ರಶ್ನೆ ಬಂದೇ ಬರುತ್ತದೆ. ಒಮ್ಮೆ ಪಕ್ಕದಲ್ಲಿ ಕುಳಿತ ಅಜ್ಜಿಯೊಬ್ಬಳು ನನ್ನ ಕೆಲಸ ಏನೆಂದು ಕೇಳಿ ತಿಳಿದುಕೊಂಡು, “ಮಳಿ ಬರತೈತಿ ಅಂತ ನೀನು ಹೇಳಿ, ಅದು ಬರಲಿಲ್ಲ ಅಂದ್ರ ಪಗಾರದಾಗ ಹಿಡಕೊಂತಾರೇನವ್ವ?” ಎಂದಳು.

“ಇಲ್ಲಜ್ಜಿ, ಹಿಡಕೊಳ್ಳಂಗಿಲ್ಲ.”

“ಬಂದ್ರ ಜಾಸ್ತಿ ಕೊಡ್ತಾರೇನು?”

“ಅದೂ ಇಲ್ಲ.”

“ಅಯ್ಯ ನಮ್ಮವ್ವ! ಹಂಗಾದ್ರ ನಾನೂ ಹೇಳ್ತಿದ್ನಲ್ಲ!”

ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ, ಆದರೆ ಕಿಟಕಿಯ ಕಡೆ ಮುಖ ತಿರುಗಿಸಿದೆ. ಅಜ್ಜಿಗೆ ಗೊತ್ತಿಲ್ಲದೆ ಆ ಮಾತು ಹೋಗಿ ತಾಗಿದ್ದು ನನ್ನ ಒಂದು ಹಳೆಯ ಗಾಯಕ್ಕೆ. ಅದನ್ನು ಹೇಳಲೆಂದೇ ಈ ಬರಹ. ಪಗಾರದ ಮಾತು ಒಂದು ನೆಪ.

ದೊಡ್ಡವ್ವ ಎಂದರೆ ಹುಲಿಗೆವ್ವ, ನನ್ನ ಅವ್ವನ ಅಕ್ಕ. ನನ್ನನ್ನು ಸಾಕಿ, ಓದಿಸಿದವಳು. ತಾನು ಮಾತ್ರ ಶಾಲೆಯ ಮುಖ ನೋಡಿದವಳಲ್ಲ. ಮಿಲ್ಲಿನ ಹಿಂದೆ ಒಂದು ದೊಡ್ಡ ಸಿಮೆಂಟಿನ ಕಣವಿದೆ. ಕುದಿಸಿದ ಭತ್ತವನ್ನು ಬೆಳಗ್ಗೆ ಅಲ್ಲಿ ಹರವುತ್ತಾರೆ. ಹೆಂಗಸರು ಸಾಲಾಗಿ ನಿಂತು, ಬರಿಗಾಲಿನಿಂದ ಭತ್ತ ಎಳೆಯುತ್ತ, ಮಗುಚುತ್ತ ಈ ತುದಿಯಿಂದ ಆ ತುದಿಗೆ ಹೋಗುತ್ತಾರೆ. ದೂರದಿಂದ ನೋಡಿದರೆ ಕಣಕ್ಕೆ ಬಾಚಣಿಗೆ ಆಡಿಸಿದ ಹಾಗೆ ಗೆರೆ ಮೂಡಿರುತ್ತದೆ. ಸಂಜೆ ಗುಡ್ಡೆ ಮಾಡಿ ತಾಡಪತ್ರಿ ಹೊದಿಸುತ್ತಾರೆ. ಅರೆ ಒಣಗಿದ ಭತ್ತದ ಮೇಲೆ ಮಳೆ ಬಿತ್ತೆಂದರೆ ಅಕ್ಕಿ ಬಣ್ಣಗೆಡುತ್ತದೆ, ಹುಳಿ ವಾಸನೆ ಹಿಡಿಯುತ್ತದೆ. ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎಂಬ ಗಾದೆ ಕಟ್ಟಿದವರು ಮಿಲ್ಲಿನ ಕಣ ನೋಡಿರಲಿಲ್ಲ ಎಂದು ಕಾಣುತ್ತದೆ. ಅಲ್ಲಿ ಮಳೆ ಬಂದರೆ ಕೇಡು, ಮಗ ಉಣ್ಣುವುದೂ ಕಷ್ಟ.

ಅದಕ್ಕೇ ಆ ಕಣದಲ್ಲಿ ಒಂದು ಪದ್ಧತಿ. ಹೆಂಗಸರಲ್ಲಿ ಒಬ್ಬಳು ಮುಗಿಲು ನೋಡಬೇಕು. ಹರವುವುದೋ ಬೇಡವೋ, ಎಷ್ಟು ಹೊತ್ತಿಗೆ ಎತ್ತುವುದು ಎಲ್ಲ ಆಕೆಯ ಮಾತಿನ ಮೇಲೆ. ನನಗೆ ಬುದ್ಧಿ ಬಂದಾಗಿನಿಂದ ಆ ಒಬ್ಬಳು ದೊಡ್ಡವ್ವ. ಕೂಲಿ ಮಾತ್ರ ಎಲ್ಲರಷ್ಟೇ, ಒಂದು ರೂಪಾಯಿ ಹೆಚ್ಚಿಲ್ಲ. ಆದರೆ ಹಂಗಾಮು ಮುಗಿದಾಗ, ಒಂದು ರಾಶಿಯೂ ತೊಯ್ದಿಲ್ಲವೆಂದರೆ, ಸಾವ್ಕಾರರು ಆಕೆಗೆ ಒಂದು ಚೀಲ ನುಚ್ಚಕ್ಕಿ ಕೊಡುತ್ತಾರೆ. ಅದಕ್ಕೆ ‘ಮುಗಿಲಿನ ನುಚ್ಚು’ ಎಂದು ಹೆಸರು. ಒಂದೇ ಒಂದು ರಾಶಿ ತೊಯ್ದರೂ ಚೀಲ ಇಲ್ಲ. ನೂರು ದಿನ ಸರಿ ಹೇಳಿ ಒಂದು ದಿನ ತಪ್ಪಿದರೂ ಲೆಕ್ಕ ಸೊನ್ನೆ.

ಆಕೆ ನೋಡುತ್ತಿದ್ದ ಗುರುತುಗಳನ್ನು ಆಮೇಲೆ ನಾನು ದಪ್ಪ ದಪ್ಪ ಪುಸ್ತಕಗಳಲ್ಲಿ ಓದಿದೆ. ಸಂಡೂರ ಗುಡ್ಡದ ಕಡೆ ಮಧ್ಯಾಹ್ನಕ್ಕೆ ಮುಂಚೆಯೇ ಮೋಡ ಹೂಕೋಸಿನ ಹಾಗೆ ಮೇಲಕ್ಕೆ ಎದ್ದರೆ ಒಂದು ಗುರುತು. ಬಾಯ್ಲರಿನ ಹೊಗೆ ನೆಟ್ಟಗೆ ಏಳುವುದು ಬಿಟ್ಟು ಗೋಡೆ ಹಿಡಿದು ಕೆಳಗಿಳಿದರೆ ಇನ್ನೊಂದು. ಆದರೆ ಪುಸ್ತಕದಲ್ಲಿ ಸಿಗದ ಗುರುತೂ ಒಂದಿತ್ತು. ಭತ್ತ ಎಳೆಯುತ್ತಿದ್ದವಳು ಥಟ್ಟನೆ ನಿಂತು, ಒಂದು ಕಾಲೆತ್ತಿ, ಅಂಗಾಲನ್ನು ನೋಡಿಕೊಳ್ಳುತ್ತಿದ್ದಳು. ಕಾಳು ಉದುರಿದರೆ ಸರಿ, ನಾಲ್ಕು ಕಾಳು ಅಂಟಿಕೊಂಡೇ ಇದ್ದರೆ “ಎತ್ರಿ” ಎನ್ನುತ್ತಿದ್ದಳು. ಗಾಳಿಯ ತೇವ ಅಳೆಯಲು ನಮ್ಮ ಕಚೇರಿಯಲ್ಲಿ ಗಾಜಿನ ಕೊಳವೆಗಳಿವೆ, ತಂತಿಗಳಿವೆ, ಅವುಗಳಿಗೆ ವರ್ಷಕ್ಕೊಮ್ಮೆ ತಪಾಸಣೆ ಇದೆ. ದೊಡ್ಡವ್ವನ ಹತ್ತಿರ ಇದ್ದದ್ದು ಒಡೆದ ಎರಡು ಹಿಮ್ಮಡಿ.

ಆದರೆ ಆಕೆಯನ್ನು ಹೊಗಳುತ್ತ ಒಂದು ವಿಷಯ ಮುಚ್ಚಿಡಬಾರದು. ಹಂಗಾಮಿನ ಕೊನೆಯ ವಾರಗಳಲ್ಲಿ ದೊಡ್ಡವ್ವ ಬೇರೆಯೇ ಹೆಂಗಸಾಗುತ್ತಿದ್ದಳು. ನುಚ್ಚಿನ ಚೀಲ ಹತ್ತಿರ ಬಂದ ಹಾಗೆ ಕಣ್ಣಿನಲ್ಲಿ ಅಂಜಿಕೆ ಕೂರುತ್ತಿತ್ತು. ಕೊಕ್ಕರೆಯ ರೆಕ್ಕೆಯಷ್ಟು ಮೋಡ ಕಂಡರೂ “ಎತ್ರಿ, ಎತ್ರಿ” ಎಂದು ಕೂಗುತ್ತಿದ್ದಳು. ಒಳ್ಳೆಯ ಬಿಸಿಲು ದಂಡವಾಗುತ್ತಿತ್ತು. ಪಂಪಣ್ಣನವರು “ಹುಲಿಗೆವ್ವ, ಮೋಡ ಮ್ಯಾಲಿಲ್ಲ, ನಿನ್ನ ಕಣ್ಣಾಗೈತಿ” ಎಂದು ಹಂಗಿಸುತ್ತಿದ್ದರು. ಚಿಕ್ಕವಳಾದ ನನಗೆ ಅದು ತಮಾಷೆಯಾಗಿ ಕಾಣುತ್ತಿತ್ತು.

ಇನ್ನು ನನ್ನ ಗಾಯದ ಕಥೆ. ಎಂ.ಎಸ್ಸಿ. ಪರೀಕ್ಷೆ ಬರೆದು, ಫಲಿತಾಂಶಕ್ಕೆ ಕಾಯುತ್ತ ಬೇಸಿಗೆಯಲ್ಲಿ ಕಂಪ್ಲಿಗೆ ಬಂದಿದ್ದೆ. ಹಂಗಾಮು ಮುಗಿಯಲು ನಾಲ್ಕೈದು ದಿನ ಉಳಿದಿತ್ತು. ಅವತ್ತು ಬೆಳಗ್ಗೆ ದೊಡ್ಡವ್ವನ ಜೊತೆ ಕಣಕ್ಕೆ ಹೋದೆ. ಆಕೆ ಹಿಂದಿನ ದಿನದ ಗುಡ್ಡೆಯ ಮೇಲೆ ಕಾಲಿಟ್ಟು ನೋಡಿ, “ಅಂಟತೈತಿ. ಇವತ್ತು ಹರವೋದು ಬ್ಯಾಡ” ಎಂದಳು. ಬಿಸಿಲು ಚುರುಗುಟ್ಟುತ್ತಿತ್ತು, ಮುಗಿಲು ತೊಳೆದಿಟ್ಟ ಹಾಗಿತ್ತು. ನಾನು ಮೊಬೈಲು ತೆಗೆದು ಆ ದಿನದ ಮುನ್ಸೂಚನೆ ನೋಡಿದೆ. ಜಿಲ್ಲೆಯ ಒಂದೆರಡು ಕಡೆ ಮಾತ್ರ ಗುಡುಗು ಸಹಿತ ಮಳೆ ಎಂದಿತ್ತು.

“ದೊಡ್ಡವ್ವ, ಒಂದೆರಡು ಕಡಿ ಅಂದ್ರ ಇಡೀ ಜಿಲ್ಲಾದಾಗ ಒಂದೆರಡು ಕಡಿ. ಅಷ್ಟು ದೊಡ್ಡ ಜಿಲ್ಲಾ ಬಿಟ್ಟು ನಮ್ಮ ಕಣಕ್ಕೇ ಯಾಕ ಬರತೈತಿ? ನೀನು ಚೀಲದ ಅಂಜಿಕಿಗೆ ಹಂಗ ಹೇಳ್ತಿ. ಹರವಸು” ಎಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. “ಖರೇನ? ನೀ ಓದಿದಾಕಿ.”

“ಖರೇ.”

ಆಕೆ ತಿರುಗಿ ಹೆಂಗಸರಿಗೆ “ಹರವ್ರಿ” ಎಂದಳು. ಅಂಗಾಲಿಗೆ ಅಂಟಿದ ಕಾಳನ್ನು ಕೈಯಿಂದ ಉಜ್ಜಿ ಕೆಡವಿದ್ದನ್ನು ನಾನು ನೋಡಿದೆ.

ಮಧ್ಯಾಹ್ನ ಮೂರಕ್ಕೆ ಬಂತು. ಆಲಿಕಲ್ಲಿನ ಸಮೇತ ಬಂತು. ತಾಡಪತ್ರಿ ಎಳೆಯುವಷ್ಟರಲ್ಲಿ ಭತ್ತ ಕಾಲುವೆಯ ಹಾಗೆ ಹರಿದು ಹೋಗುತ್ತಿತ್ತು. ಸಂಜೆ ವಿಚಾರಿಸಿದರೆ ಹೊಸಪೇಟೆಯಲ್ಲಿ ಒಂದು ಹನಿ ಇಲ್ಲ, ಹಂಪಿಯಲ್ಲಿ ಧೂಳು ಕೂಡ ಅಡಗಿಲ್ಲ. ಮುನ್ಸೂಚನೆ ತಪ್ಪಿರಲಿಲ್ಲ ನೋಡಿ! ಒಂದೆರಡು ಕಡೆ ಎಂದಿದ್ದರು, ಒಂದೆರಡು ಕಡೆಯೇ ಬಂತು. ಅದರಲ್ಲಿ ಒಂದು ಕಡೆ ನಮ್ಮ ಕಣ. ತಪ್ಪಿದ್ದು ಅದನ್ನು ಓದಿದವಳು, ಅದೂ ಎರಡು ವರ್ಷ ಅದನ್ನೇ ಓದಿ ಬಂದವಳು.

ಸಾವ್ಕಾರರು ಬಂದು ಕೇಳಿದಾಗ ದೊಡ್ಡವ್ವ, “ನನ್ನ ಕಣ್ಣು ತಪ್ಪಿತ್ರಿ” ಎಂದಳು. ಅಷ್ಟೇ. ನನ್ನ ಹೆಸರು ಎತ್ತಲಿಲ್ಲ. ನಾನು ತೊಯ್ದ ತಾಡಪತ್ರಿಗಳ ಹಿಂದೆ ನಿಂತಿದ್ದೆ. ಬಾಯಿ ಬಿಡಲಿಲ್ಲ. ಆ ವರ್ಷದ ಚೀಲ ಹೋಯಿತು. ಅದಕ್ಕಿಂತ ದೊಡ್ಡದು, ಆಕೆಯ ಕಣ ಹೋಯಿತು. ವಯಸ್ಸಾಯಿತು ಎಂದು ಗೋದಾಮಿನಲ್ಲಿ ತೌಡು ಗುಡಿಸುವ ಕೆಲಸಕ್ಕೆ ಹಾಕಿದರು. ಮುಗಿಲು ನೋಡುವ ಕೆಲಸವನ್ನು ಪಂಪಣ್ಣನವರ ಮೊಬೈಲು ವಹಿಸಿಕೊಂಡಿತು.

ಅದರ ಮರು ತಿಂಗಳೇ ನನಗೆ ಮೊದಲ ನೌಕರಿ ಸಿಕ್ಕಿತು. ಸಂಡೂರಿನ ಗಣಿಗಳಿಗೆ ಮಳೆಯ ಮುನ್ಸೂಚನೆ ಕೊಡುವ ಒಂದು ಖಾಸಗಿ ಕಂಪನಿ. ಪಗಾರ ಇಪ್ಪತ್ತೆರಡು ಸಾವಿರ, ಹನ್ನೊಂದು ತಿಂಗಳ ಒಪ್ಪಂದ. ಕೆಂಪು ಧೂಳಿನಲ್ಲಿ ಒಂದು ತಗಡಿನ ಕೋಣೆ, ಒಂದು ಕಂಪ್ಯೂಟರು, ಮಾಡಿನ ಮೇಲೊಂದು ಮಳೆ ಮಾಪಕ. ಅದಿರು ನೆನೆದರೆ ತೂಕ ಏರುತ್ತದೆ, ಗುಡ್ಡದ ದಾರಿ ಜಾರುತ್ತದೆ, ಲಾರಿಗಳು ನಿಲ್ಲುತ್ತವೆ. ಆದ್ದರಿಂದ ನನ್ನ ಮಾತಿಗೆ ಬೆಲೆ ಇತ್ತು. ಪಗಾರಕ್ಕೆ ಮಾತ್ರ ಇರಲಿಲ್ಲ. ಮರಿಯಮ್ಮನಹಳ್ಳಿಯ ಟಿಪ್ಪರ್ ಡ್ರೈವರ್ ಒಬ್ಬ ದಿನಾ ಚಹಾ ಅಂಗಡಿಯಲ್ಲಿ ಸಿಗುತ್ತಿದ್ದ. ಒಮ್ಮೆ ನನ್ನ ಪಗಾರ ಕೇಳಿ ಅವನಿಗೆ ನಿಜಕ್ಕೂ ಕನಿಕರ ಹುಟ್ಟಿತು. “ಮೇಡಮ್ಮೋರ, ನೀವು ಮಳಿ ಬರತೈತಿ ಅಂತ ಬರದು ಇಪ್ಪತ್ತೆರಡು ತಗೊಂತೀರಿ. ನಾನು ಆ ಮಳಿಯಾಗ ಗಾಡಿ ಹೊಡದು ಮೂವತ್ತು ತಗೊಂತೀನಿ. ಲೈಸೆನ್ಸ್ ಮಾಡಿಸ್ರಿ, ನಾ ಕಲಸ್ತೀನಿ” ಎಂದು ಅವತ್ತಿನ ಚಹಾದ ದುಡ್ಡು ತಾನೇ ಕೊಟ್ಟ. ನಾನು ಬೇಡ ಎನ್ನಲಿಲ್ಲ.

ಆ ತಗಡಿನ ಕೋಣೆಯಲ್ಲಿ ಕುಳಿತು ನಾನು ಈ ಪಗಾರದ ಶಾಸ್ತ್ರವನ್ನು ಸಾಕಷ್ಟು ಚಿಂತಿಸಿದ್ದೇನೆ. ಮುಗಿಲು ನೋಡುವವರಿಗೆ ಎಷ್ಟು ಕೊಡುತ್ತಾರೆ ಎಂಬುದು ಮುಗಿಲಿನ ಮೇಲೆ ನಿಂತಿಲ್ಲ. ಮೋಡ ಎಲ್ಲರಿಗೂ ಒಂದೇ. ಅದರ ಕೆಳಗೆ ಯಾರು ನಿಂತಿದ್ದಾರೆ ಎಂಬುದರ ಮೇಲೆ ಅದರ ದರ. ಕೆಳಗೆ ವಿಮಾನ ನಿಂತಿದ್ದರೆ ಒಂದು ದರ, ವಿಮಾ ಕಂಪನಿ ನಿಂತಿದ್ದರೆ ಇನ್ನೂ ಹೆಚ್ಚಿನ ದರ, ಗಾಳಿಯಿಂದ ಕರೆಂಟು ತೆಗೆಯುವವರು ನಿಂತಿದ್ದರೆ ಅದೂ ಪರವಾಗಿಲ್ಲ. ಕುದಿಸಿದ ಭತ್ತ ಬಿದ್ದಿದ್ದರೆ ಒಂದು ಚೀಲ ನುಚ್ಚು. ನನ್ನ ಜೊತೆ ಓದಿದ ಗೆಳತಿಯೊಬ್ಬಳು ಕಂಪ್ಯೂಟರಿನಲ್ಲಿ ವಾತಾವರಣದ ಲೆಕ್ಕ ಬರೆಯುವುದನ್ನು ಚೆನ್ನಾಗಿ ಕಲಿತಳು. ಅವಳ ಪಗಾರ ಕೇಳಿದ ದಿನ ನನಗೆ ಊಟ ಸೇರಲಿಲ್ಲ. ನಮಗಿಂತ ಮುಂಚೆ ಓದಿದ್ದ ಒಬ್ಬ ಪಿಎಚ್‌.ಡಿ. ಮಾಡಿದ; ಐದು ವರ್ಷ ಬರಿ ವಿದ್ಯಾರ್ಥಿ ವೇತನದಲ್ಲಿ ಸವೆದು ಈಗ ವಿಜ್ಞಾನಿಯಾಗಿದ್ದಾನೆ, ಕೂದಲಷ್ಟೇ ಕಡಿಮೆ. ಹಂಪಿಯಲ್ಲಿ ಗೈಡ್ ಆಗಿರುವ ನನ್ನ ಕಾಲೇಜಿನ ಸಹಪಾಠಿ ಆಗಾಗ ಫೋನು ಮಾಡಿ, ನಾಳೆ ಬೆಳಗ್ಗೆ ಗುಡ್ಡದ ಮೇಲೆ ಸೂರ್ಯ ಕಾಣುತ್ತಾನೋ ಇಲ್ಲವೋ ಎಂದು ಕೇಳುತ್ತಾನೆ. ನಾನು ಕಾಣುತ್ತಾನೆ ಎಂದರೆ ಪ್ರವಾಸಿಗರನ್ನು ಕತ್ತಲಲ್ಲೇ ಗುಡ್ಡ ಹತ್ತಿಸುತ್ತಾನೆ. ಸೂರ್ಯ ಕಂಡರೆ ಭಕ್ಷೀಸು ಅವನಿಗೆ, ಕಾಣದಿದ್ದರೆ ಬೈಗುಳ ನನಗೆ. ಆ ಹಂಪಿಯಲ್ಲೇ ಅರಸರು ಕಲ್ಲು ಕೊರೆಸಿ ಏನೆಲ್ಲ ದಾನ ಬರೆಸಿದ್ದಾರೆ. ಮುಗಿಲು ನೋಡುವವರಿಗೆ ಇಷ್ಟು ವರಹ ಎಂಬ ಸಾಲೊಂದು ಇದ್ದೀತೇ ಎಂದು ನಾನೂ ರಜೆಯಲ್ಲಿ ಹುಡುಕಾಡಿದ್ದುಂಟು. ಸಿಗಲಿಲ್ಲ. ಅವರ ಕಣದಲ್ಲೂ ಒಬ್ಬ ಹುಲಿಗೆವ್ವ ನುಚ್ಚಿಗೇ ದುಡಿದಿರಬೇಕು.

ಸಂಡೂರಿನ ಒಪ್ಪಂದ ಮುಗಿಯುವ ಮೊದಲು ಸರಕಾರಿ ಪರೀಕ್ಷೆ ಬರೆದೆ. ಒಂದು ಸಲ ಫೇಲು, ಎರಡನೆಯ ಸಲ ಆಯಿತು. ಈಗ ಪರರಾಜ್ಯದ ದೊಡ್ಡ ಊರೊಂದರ ವಿಮಾನ ನಿಲ್ದಾಣದಲ್ಲಿ, ಹವಾಮಾನದ ಕೋಣೆಯಲ್ಲಿ ಪಾಳಿಯ ಮೇಲೆ ಕೆಲಸ. ಕೈಗೆ ಅರವತ್ತು ಸಾವಿರದ ಆಚೀಚೆ ಬರುತ್ತದೆ. ಕೊನೆಗೂ ಹೇಳಿಬಿಟ್ಟೆ, ಬುಕ್ಕಸಾಗರ ಬಂತು ಎಂದುಕೊಳ್ಳಿ. ಇದರಲ್ಲಿ ಯಾವ ದರ್ಜೆಯ ಹುದ್ದೆ ಎಂಬುದಕ್ಕೆ ಇಷ್ಟು, ತುಟ್ಟಿಭತ್ಯೆ ಇಷ್ಟು, ಊರು ದೊಡ್ಡದೆಂದು ಮನೆ ಬಾಡಿಗೆಗೆ ಇಷ್ಟು. ಅದೇ ನಾನು ಹೊಸಪೇಟೆಗೆ ವರ್ಗವಾಗಿ ಬಂದರೆ ಬಾಡಿಗೆಯ ಭತ್ಯೆ ಕಡಿಮೆ. ವರ್ಷ ಕಳೆದ ಹಾಗೆ ಒಂದು ಏರಿಕೆ. ಈ ಪಟ್ಟಿಯಲ್ಲಿ ಎಲ್ಲಿ ಹುಡುಕಿದರೂ ಮಳೆ ಎಂಬ ಪದವಿಲ್ಲ. ಸಂಬಂಧ ಕುದುರಿಸಲು ಬಂದ ಹಿರಿಯರೊಬ್ಬರು “ಪಗಾರ ಸರಿ, ಮ್ಯಾಲಿಂದು ಏನಾರ ಐತೇನವ್ವ?” ಎಂದು ಕೇಳಿದರು. ನಮ್ಮ ಕಚೇರಿಯಲ್ಲಿ ಲಂಚ ಕೊಟ್ಟು ಬಿಸಿಲು ಬರೆಸಿಕೊಳ್ಳುವವರು ಯಾರೂ ಇನ್ನೂ ಬಂದಿಲ್ಲ ಎಂದೆ. ಅವರು ಮತ್ತೆ ಬರಲಿಲ್ಲ.

ಯುಗಾದಿಯ ದಿನ ಗುಡಿಯಲ್ಲಿ ಪಂಚಾಂಗ ಓದುವ ಆಚಾರ್ಯರನ್ನು ನೋಡಿದ್ದೀರಿ. ಈ ವರ್ಷ ಇಷ್ಟು ಮಳೆ, ಅದರಲ್ಲಿ ಸಮುದ್ರಕ್ಕೆ ಇಷ್ಟು ಪಾಲು, ಬೆಟ್ಟಕ್ಕೆ ಇಷ್ಟು, ಭೂಮಿಗೆ ಇಷ್ಟು ಎಂದು ಹಂಚಿ ಹೇಳುತ್ತಾರೆ. ದಕ್ಷಿಣೆ ಅವತ್ತೇ ತಟ್ಟೆಗೆ ಬೀಳುತ್ತದೆ. ಮಳೆಗಾಲ ಮುಗಿದ ಮೇಲೆ ಹೋಗಿ ದಕ್ಷಿಣೆ ವಾಪಸ್ಸು ಕೇಳಿದವರನ್ನು ನಾನು ಕಂಡಿಲ್ಲ. ನಮ್ಮ ಕೆಲಸದಲ್ಲಿ ಹೇಳಿದ್ದು ಎಷ್ಟು ಸರಿಯಾಯಿತು ಎಂದು ತಾಳೆ ನೋಡುತ್ತಾರೆ, ತಪ್ಪಿದರೆ ಯಾಕೆ ತಪ್ಪಿತು ಎಂದು ಕೂತು ಚರ್ಚೆ ಮಾಡುತ್ತಾರೆ. ತಿಂಗಳ ಕೊನೆಯ ‘ಟಿಣ್’ ಮಾತ್ರ ತಪ್ಪುವುದಿಲ್ಲ. ಆ ಸದ್ದು ಕೇಳಿದಾಗಲೆಲ್ಲ ಜಂಬದ ಬೆನ್ನಿಗೆ ಇನ್ನೊಂದು ಯೋಚನೆಯೂ ಬರುತ್ತಿತ್ತು. ಸರಿ ಹೇಳಿದವಳು ತೌಡು ಗುಡಿಸುತ್ತಿದ್ದಾಳೆ, ತಪ್ಪು ಹೇಳಿದವಳಿಗೆ ಪಗಾರ ಬರುತ್ತಿದೆ.

ಮೊದಲ ಸರಕಾರಿ ಪಗಾರ ಬಂದಾಗ ದೊಡ್ಡವ್ವನಿಗೆ ಫೋನು ಮಾಡಿ, “ಇನ್ನ ಮಿಲ್ಲಿಗೆ ಹೋಗಬ್ಯಾಡ, ನಾ ತಿಂಗಳಾ ಕಳಸ್ತೀನಿ” ಎಂದೆ.

“ಕಳಸು, ಕೂಡಿಡ್ತೀನಿ. ಮಿಲ್ಲು ಬಿಡಂಗಿಲ್ಲ” ಎಂದಳು. ಫೋನು ಇಡುವ ಮುಂಚೆ, “ನನಗ ರೊಕ್ಕ ಬ್ಯಾಡವ್ವ. ನನ್ನ ಕಣ ಕೊಡಸ್ತೀಯೇನು?” ಎಂದಳು.

ಕೊಡಿಸುವ ದಾರಿ ಒಂದೇ ಇತ್ತು. ಪಂಪಣ್ಣನವರ ಮುಂದೆ ನಿಂತು ಅವತ್ತು ತಪ್ಪಿದ್ದು ನಾನು ಎನ್ನಬೇಕು. ಮನೆತನದ ಮೊದಲ ಪದವೀಧರೆ ಎಂದು ಮಿಲ್ಲಿನ ತುಂಬ ಮೆರೆದವಳು, ಪದವಿಯ ಮರ್ಯಾದೆಯನ್ನು ಅದೇ ಕಣದಲ್ಲಿ ಹರವಬೇಕು. ಒಂದು ವರ್ಷ ಅಂಜಿದೆ.

ಈ ಬೇಸಿಗೆಯಲ್ಲಿ ಘಟಿಕೋತ್ಸವ ಆಯಿತು. ಓದು ಮುಗಿದು ವರ್ಷಗಳೇ ಕಳೆದ ಮೇಲೆ ವಿಶ್ವವಿದ್ಯಾಲಯಕ್ಕೆ ನಮ್ಮ ನೆನಪಾಗುತ್ತದೆ. ವೇದಿಕೆಯ ಮೇಲೆ ಕೈಗಿಟ್ಟದ್ದು ರಿಬ್ಬನ್ ಕಟ್ಟಿದ ಖಾಲಿ ಸುರುಳಿ, ಫೋಟೋಕ್ಕೆ. ಅಸಲಿ ಪ್ರಮಾಣಪತ್ರವನ್ನು ಹಿಂದಿನ ಕಿಟಕಿಯಲ್ಲಿ ಸಹಿ ಮಾಡಿಸಿಕೊಂಡು ಕೊಟ್ಟರು. ಅದನ್ನು ಫೈಲಿನಲ್ಲಿಟ್ಟು, ಫೈಲನ್ನು ಎದೆಗೆ ಅವುಚಿಕೊಂಡು, ರೈಲಿನಲ್ಲಿ ಹೊಸಪೇಟೆಗೆ ಬಂದು, ಕಂಪ್ಲಿ ಬಸ್ಸು ಹತ್ತಿದೆ. ಮನೆಗೆ ಬೀಗ. ನೆಟ್ಟಗೆ ಮಿಲ್ಲಿಗೆ ಹೋದೆ.

ಹೊತ್ತು ಇಳಿಯತೊಡಗಿತ್ತು. ಕಣದ ತುಂಬ ಭತ್ತ ಹರವಿತ್ತು. ಪಂಪಣ್ಣನವರು ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಗೋದಾಮಿನ ಬಾಗಿಲಲ್ಲಿ ದೊಡ್ಡವ್ವ ನನ್ನನ್ನು ಕಂಡವಳೇ ಪೊರಕೆ ಬಿಟ್ಟು, ತೌಡಿನ ಮೈಯಲ್ಲೇ, ಹರವಿದ ಭತ್ತದ ಅಂಚು ತುಳಿಯುತ್ತ ಬಂದಳು. ನಾನು ಫೈಲು ತೆರೆದು ಪ್ರಮಾಣಪತ್ರ ಹೊರಗೆ ತೆಗೆದೆ. ಆಕೆ ಕೈ ಚಾಚಿದವಳು ಥಟ್ಟನೆ ನಿಂತಳು. ಕಾಲೆತ್ತಿ ಅಂಗಾಲು ನೋಡಿಕೊಂಡಳು.

“ಮದ್ಲ ಅದನ್ನ ಒಳಗಿಡು. ಮಳಿ ಬರತೈತಿ.”

ಪಂಪಣ್ಣನವರು ಮೊಬೈಲು ಎತ್ತಿ ತೋರಿಸಿ ನಕ್ಕರು. “ಹುಲಿಗೆವ್ವ, ಇದರಾಗ ಬಿಸಿಲು ಐತಿ. ನೋಡವ್ವ ಡಿಗ್ರಿಯಾಕಿ, ನೀನಾರ ಹೇಳು ಆಕಿಗೆ. ಏನಂತೈತಿ ನಿಮ್ಮ ಹವಾ ಆಫೀಸು?”

ಬಸ್ಸಿನಲ್ಲೇ ನೋಡಿದ್ದೆ. ಜಿಲ್ಲೆಯ ಒಂದೆರಡು ಕಡೆ. ಅದೇ ಎರಡು ಪದ. ಸಂಡೂರ ಗುಡ್ಡದ ಕಡೆ ತಿರುಗಿದೆ, ಬಿಳಿಯ ಗೋಪುರವೊಂದು ಎದ್ದಿತ್ತು, ಆದರೆ ಅಂಥವು ದಿನಾ ಏಳುತ್ತವೆ, ದಿನಾ ಕರಗುತ್ತವೆ. ಈ ಕಣಕ್ಕೆ ಬರುತ್ತದೆಯೇ? ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ಹೆಂಗಸರೆಲ್ಲ ಕಾಲು ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದರು.

“ಜಿಲ್ಲಾದಾಗ ಎಲ್ಲೋ ಬರತೈತಿ, ಅಷ್ಟು ನನಗ ಗೊತ್ತ್ರಿ” ಎಂದೆ. “ಈ ಕಣಕ್ಕ ಬರತೈತೋ ಇಲ್ಲೋ ಅನ್ನೋದು ಆಕಿಗೆ ಗೊತ್ತು. ಆಕಿ ಹೇಳಿದಂಗ ಮಾಡ್ರಿ. ಹಿಂದ ರಾಶಿ ತೋದ ದಿನ ಆಕಿ ಹರವಬ್ಯಾಡ ಅಂದಿದ್ಲು. ಹರವಸು ಅಂದಾಕಿ ನಾನು. ಆಕಿ ಕಣ್ಣು ತಪ್ಪಿರಲಿಲ್ರಿ, ನಂದು ತಪ್ಪಿತ್ತು.”

ಪಂಪಣ್ಣನವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

“ಅಂದ್ರ ಆ ರಾಶಿ ತೊಯ್ಸಿದ್ದು ಎಂ.ಎಸ್ಸಿ. ಏನು?”

“ಹೌದ್ರಿ.”

“ಇಷ್ಟು ದಿನ ಬಿಟ್ಟು ಈಗ ಹೇಳಾಕತ್ತೀಯಲ್ಲ!” ಎಂದು ಇನ್ನೂ ಏನೋ ಅನ್ನುವವರಿದ್ದರು. ದೊಡ್ಡವ್ವ ಬಿಡಲಿಲ್ಲ. ಸೀರೆ ಎತ್ತಿ ಕಟ್ಟಿ, “ಮಾತು ಆಮ್ಯಾಲ ಆಡ್ರಿ. ಎತ್ರಿ, ಎತ್ರಿ!” ಎಂದು ಕೂಗಿದಳು. ಆ ಕೂಗಿಗೆ ಹೆಂಗಸರ ಕಾಲು ಓಡಿದವು. ಪಂಪಣ್ಣನವರೂ ಕುರ್ಚಿ ಬಿಟ್ಟೆದ್ದರು. ನಾನು ಫೈಲನ್ನು ಗೋದಾಮಿನಲ್ಲಿ ತೌಡಿನ ಚೀಲದ ಮೇಲಿಟ್ಟು ಬಂದು ತಾಡಪತ್ರಿಯ ಒಂದು ಮೂಲೆ ಹಿಡಿದೆ. ಕೊನೆಯ ಗುಡ್ಡೆಯ ಮೇಲೆ ಕಲ್ಲು ಹೇರುವ ಹೊತ್ತಿಗೆ ತಂಗಾಳಿ ಬೀಸಿತು, ಹೊಗೆ ಗೋಡೆ ಹಿಡಿದು ಇಳಿಯಿತು, ಆಮೇಲೆ ದಪ್ಪ ದಪ್ಪ ಹನಿ.

ನಾವೆಲ್ಲ ಗೋದಾಮಿನ ಬಾಗಿಲಲ್ಲಿ ನಿಂತು ನೋಡಿದೆವು. ಒಂದು ಕಾಳೂ ತೊಯ್ಯಲಿಲ್ಲ. ಪಂಪಣ್ಣನವರು ಮೊಬೈಲು ನೋಡಿದರು, ಅದರಲ್ಲಿ ಇನ್ನೂ ಬಿಸಿಲಿತ್ತು. ಅದನ್ನು ಜೇಬಿಗೆ ಹಾಕಿ, “ನಾಳೆಯಿಂದ ಕಣಕ್ಕ ಬಾ ಹುಲಿಗೆವ್ವ. ಸಾವ್ಕಾರ್ರಿಗೆ ನಾ ಹೇಳ್ತೀನಿ” ಎಂದರು.

“ಬರತೀನಿ. ಆದ್ರ ಚೀಲದ ಆಟ ಬ್ಯಾಡ. ಕೂಲಿಮ್ಯಾಲ ದಿನಾ ಇಷ್ಟು ಅಂತ ಮಾಡ್ರಿ. ಮಳಿ ಬಂದ್ರೂ ಅಷ್ಟ, ಬರದಿದ್ರೂ ಅಷ್ಟ.”

“ನೀ ಏನ್ ಸರಕಾರಿ ನೌಕರಿಯಾಕಿ ಏನು?” ಎಂದು ಅವರು ನಕ್ಕರು. ಆಕೆ ನಗಲಿಲ್ಲ. ಅವರೂ ನಗು ನಿಲ್ಲಿಸಿ, “ಕೇಳಿ ನೋಡ್ತೀನಿ” ಎಂದರು. ಎರಡು ದಿನ ಬಿಟ್ಟು ಸಾವ್ಕಾರರು ಒಪ್ಪಿದ್ದು ಆಮೇಲಿನ ಮಾತು.

ದೊಡ್ಡವ್ವ ಕೈಯನ್ನು ಸೆರಗಿನಲ್ಲಿ ಎರಡು ಸಲ ಒರೆಸಿಕೊಂಡಳು. “ಈಗ ಕೊಡು” ಎಂದಳು. ನಾನು ಪ್ರಮಾಣಪತ್ರವನ್ನು ಆಕೆಯ ಎರಡೂ ಕೈಗಳಲ್ಲಿಟ್ಟೆ. ಆಕೆ ಅದನ್ನು ಬೆಳಕಿಗೆ ಹಿಡಿದು, ಬೆರಳು ಮುಟ್ಟಿಸದೆ, ಮೇಲಿನಿಂದ ಕೆಳಗಿನ ತನಕ ಓದುವವಳ ಹಾಗೆ ನೋಡಿದಳು.

“ಒಂದು ರಾಶಿ ತೋದ್ರ ಪಗಾರ ಇಲ್ಲ ಅಂತ ಇದರಾಗ ಎಲ್ಲಾರ ಬರದೈತೇನು?”

“ಇಲ್ಲ ದೊಡ್ಡವ್ವ.”

“ಹಂಗಾದ್ರ ಇನ್ನ ಅಂಜಬ್ಯಾಡ. ಕಂಡದ್ದು ಕಂಡಂಗ ಹೇಳು. ತಪ್ಪಿದ್ರ ತಪ್ಪಿತು ಅನ್ನು. ಮುಗಿಲು ನಾಳೆಗೂ ಇರತೈತಿ.”